ದೋಹಾದ ಗಾಜಿನ ಕೋಣೆ, ಅಮೆರಿಕದ ಗಿರಾಕಿ

ಅಲ್ ಮುಂತಜಾ

ಜೂನ್ ತಿಂಗಳಲ್ಲಿ ಕತಾರಿಗೆ ಹೊರಡುವವರು ಮರೆಯದೆ ಒಂದು ಸ್ವೆಟರ್ ಇಟ್ಟುಕೊಳ್ಳಬೇಕು. ನಗಬೇಡಿ, ಅನುಭವದಿಂದ ಹೇಳುತ್ತಿದ್ದೇನೆ. ಹೊರಗೆ ಕಾದ ಬಾಣಲೆಗೆ ಮುಖ ಹಿಡಿದ ಹಾಗಿರುತ್ತದೆ, ನಿಜ. ಆದರೆ ನಮ್ಮಂಥ ನೆಂಟರು ಹೊರಗೆ ಇರುವುದು ಕಾರಿನ ಬಾಗಿಲು ತೆಗೆದು ಹಾಕುವಷ್ಟು ಹೊತ್ತು ಮಾತ್ರ. ಉಳಿದ ಹೊತ್ತೆಲ್ಲ ಎಸಿ. ಅಲ್ ಮುಂತಜಾ ಬಡಾವಣೆಯ ತಮ್ಮನ ಮನೆಯಲ್ಲಿ ಎಸಿ, ಕಾರಿನಲ್ಲಿ ಎಸಿ, ಮೀನು ಮಾರುವಲ್ಲೂ ಎಸಿ. ಬಂದ ಮರುದಿನವೇ ನನಗೆ ಶೀತ ಹಿಡಿಯಿತು. ಮರುಭೂಮಿಗೆ ಬಂದು ಸೀನುತ್ತ ಕುಳಿತ ನನ್ನನ್ನು ನೋಡಿ ತಮ್ಮ ಜಗದೀಶ, "ಊರಲ್ಲಿ ಮಳೆಗೆ ನೆನೆದು ಚಂಡಿಯಾದ್ರೂ ನಿಂಗೆ ಏನೂ ಆಗುದಿಲ್ಲ ಅಕ್ಕ. ಇಲ್ಲಿ ಬಂದು ಎಂತ ಇದು?" ಎಂದು ನಕ್ಕ.

ಜಗದೀಶ ರಾಸ್ ಲಫಾನಿನ ಗ್ಯಾಸ್ ಪ್ಲಾಂಟಿನಲ್ಲಿ ಆಪರೇಟರ್. ಶಿಫ್ಟ್ ಬಂದಾಗ ಬೆಳಕು ಹರಿಯುವ ಮೊದಲೇ ಕಂಪನಿ ಬಸ್ಸು ಹತ್ತಿ ಹೋಗುತ್ತಾನೆ. ಹೆಂಡತಿ ವನಿತಾ ಒಂದು ಕ್ಲಿನಿಕ್ಕಿನ ಲೆಕ್ಕಪತ್ರ ನೋಡುತ್ತಾಳೆ. ಒಬ್ಬಳೇ ಮಗಳು ಪ್ರಾಪ್ತಿ. ಹುಟ್ಟಿದ್ದೂ ದೋಹಾದಲ್ಲಿ, ಬೆಳೆದದ್ದೂ ದೋಹಾದಲ್ಲಿ. ನಮ್ಮ ತುಳು ಮನೆಗಳಲ್ಲಿ ಅಪ್ಪನ ಅಕ್ಕನನ್ನು ಮಾಮಿ ಎಂದು ಕರೆಯುವ ಕ್ರಮ. ಅವಳು ಕೂಡ ಅಷ್ಟನ್ನು ಮಾತ್ರ ಸರಿಯಾಗಿ ಹೇಳುತ್ತಾಳೆ. ಉಳಿದ ಮಾತಿನಲ್ಲಿ ಅರ್ಧ ಇಂಗ್ಲಿಷು, ಕಾಲು ಹಿಂದಿ, ಅವಸರಕ್ಕೆ ಯಲ್ಲಾ, ಮುಗಿದರೆ ಖಲಾಸ್.

ನನ್ನದು ಪುತ್ತೂರಿನಲ್ಲಿ ಪಾತ್ರೆ ಅಂಗಡಿ. ಬುಟ್ಟಿ ಹೊತ್ತು ಮನೆಮನೆಗೆ ಹೋಗಿ, ಹಳೆಯ ಜರಿ ಸೀರೆ ತೆಗೆದುಕೊಂಡು ಸ್ಟೀಲಿನ ಪಾತ್ರೆ ಕೊಡುವಲ್ಲಿಂದ ಶುರು ಮಾಡಿದವಳು ನಾನು. ಚೌಕಾಸಿಯನ್ನು ಯಾವ ಕಾಲೇಜಿನಲ್ಲೂ ಕಲಿಯಲಿಲ್ಲ, ಪರರ ಜಗಲಿಗಳಲ್ಲಿ ಕೂತು ಕಲಿತೆ. ಹಾಗಾಗಿ ಜಗದೀಶ ಫೋನಿನಲ್ಲಿ, "ಅಕ್ಕ, ಒಮ್ಮೆ ಬಾ. ಪ್ರಾಪ್ತಿಯ ವಿಷಯದಲ್ಲಿ ಮಾತಾಡ್ಲಿಕ್ಕೆ ಗಟ್ಟಿ ಜನ ಬೇಕು," ಎಂದಾಗ ನನಗೆ ಸಿಟ್ಟೇ ಬಂದಿತ್ತು.

"ಹನ್ನೆರಡನೇ ಕ್ಲಾಸಿಗೆ ಹೋಗುವ ಹುಡುಗಿಗೆ ಈಗಲೇ ಎಂತದು ಮಾರಾಯ ಮಾತುಕತೆ? ಹುಡುಗ ಯಾರು?"

"ಹುಡುಗ ಅಲ್ಲ ಅಕ್ಕ, ಕಾಲೇಜು. ಅಮೆರಿಕದ್ದು."

ಅಂದರೆ, ನಾನು ವಿಮಾನ ಹತ್ತಿದ್ದು ಒಂದು ಕಾಲೇಜಿನ ಜೊತೆ ಚೌಕಾಸಿ ಮಾಡಲು.

ವಿಷಯವನ್ನು ಬಿಡಿಸಿ ಹೇಳಿದವಳು ವನಿತಾ, ಅಡುಗೆಮನೆಯಲ್ಲಿ ನೀರುದೋಸೆ ಹೊಯ್ಯುತ್ತ. ಅಮೆರಿಕದಲ್ಲಿ ಕೆಲವು ಸಣ್ಣ ಕಾಲೇಜುಗಳಿವೆಯಂತೆ. ಪುತ್ತೂರಿನ ಒಂದು ಕಾಲೇಜಿನಲ್ಲಿರುವಷ್ಟು ಮಕ್ಕಳು ಕೂಡ ಅಲ್ಲಿ ಇರುವುದಿಲ್ಲ. ಒಂದು ಕೋಣೆಯಲ್ಲಿ ಹತ್ತು ಹದಿನೈದು ಮಂದಿ, ಎದುರಿಗೆ ಒಬ್ಬ ಮೇಷ್ಟ್ರು. ಸಣ್ಣದಾದ್ದರಿಂದಲೇ ಸೇರುವುದು ಕಷ್ಟ. ಪ್ರಪಂಚದ ಎಲ್ಲ ಕಡೆಯಿಂದ ಅರ್ಜಿ ಹಾಕುತ್ತಾರೆ, ತೊಂಬತ್ತೈದು ಮಾರ್ಕು ತೆಗೆದವರನ್ನೂ ವಾಪಸು ಕಳಿಸುತ್ತಾರೆ. ಆದರೆ ಆ ಕಾಲೇಜುಗಳಿಗೂ ಆಟದ ಟೀಮು ಬೇಕಲ್ಲ? ಅದಕ್ಕಾಗಿ ಒಂದೊಂದು ಆಟದ ಕೋಚಿಗೂ ವರ್ಷಕ್ಕೆ ಕೆಲವೇ ಹೆಸರುಗಳನ್ನು ಅಡ್ಮಿಷನ್ ಆಫೀಸಿಗೆ ಹೇಳುವ ಅವಕಾಶ ಇರುತ್ತದೆ. ಕೋಚ್ ಹೇಳಿದ ಮಾತ್ರಕ್ಕೆ ಸೀಟು ಖಾಯಂ ಅಲ್ಲ. ಹೇಳಿದರೆ ಮಾತ್ರ ಹೆಸರು ಆ ದೊಡ್ಡ ರಾಶಿಯಿಂದ ಮೇಲೆ ಬರುತ್ತದೆ.

"ನಮ್ಮ ಪ್ರಾಪ್ತಿ ಸ್ಕ್ವಾಷ್ ಚಂದ ಆಡ್ತಾಳಲ್ಲ ಅಕ್ಕ. ಇಲ್ಲಿ ಕ್ಯಾಂಪ್ ಉಂಟು ಈ ವಾರ. ಅಲ್ಲಿಂದ ಇಬ್ರು ಕೋಚ್ ಬರ್ತಾರೆ."

"ಅವಳಿಗೆ ಇಲ್ಲೇ ಓದಿದ್ರೆ ಏನಂತೆ?" ಎಂದೆ.

ಉತ್ತರ ಬಂದದ್ದು ಬಾಗಿಲ ಬಳಿ ನಿಂತಿದ್ದ ಪ್ರಾಪ್ತಿಯಿಂದ. "ಮಾಮಿ, ನನ್ನ ಸ್ಕೂಲಲ್ಲಿ ಟ್ವೆಲ್ತಿಗೇ ಎಲ್ ಸೆಕ್ಷನ್ ತನಕ ಉಂಟು. ಟೀಚರಿಗೆ ನನ್ನ ರೋಲ್ ನಂಬರ್ ಗೊತ್ತು, ಹೆಸರು ಗೊತ್ತಿಲ್ಲ. ನಂಗೆ ಹೆಸರು ಗೊತ್ತಿರುವ ಕಡೆ ಓದ್ಬೇಕು."

ಇಷ್ಟು ಹೇಳಿ ದೋಸೆ ಎತ್ತಿಕೊಂಡು ಹೋದಳು. ಜಗದೀಶನ ಕೆಲಸ ಮುಗಿದ ದಿನ ಈ ಮನೆಯ ಎಲ್ಲರ ವೀಸಾವೂ ಮುಗಿಯುತ್ತದೆ. ಹುಟ್ಟಿದ ಊರಾದರೂ ಅವಳಿಗೆ ಅದು ಉಳಿಯುವ ಊರಲ್ಲ. ಪುತ್ತೂರು ಅವಳಿಗೆ ರಜೆಯ ಊರು. ಹುಡುಗಿಗೆ ತನ್ನದು ಎನ್ನುವ ಒಂದು ಜಾಗ ಬೇಕಾಗಿದೆ ಎಂದು ನನಗೆ ಆಗ ಅರ್ಥವಾಯಿತು. ಸರಿ, ವ್ಯಾಪಾರಕ್ಕೆ ಇಳಿಯೋಣ ಎಂದುಕೊಂಡೆ.

ಗಾಜಿನ ಕೋಣೆ

ಸ್ಕ್ವಾಷ್ ನೋಡದವರಿಗಾಗಿ ಹೇಳುತ್ತೇನೆ. ಒಂದು ಖಾಲಿ ಕೋಣೆ, ಹಿಂದಿನ ಗೋಡೆ ಗಾಜಿನದು. ಒಳಗೆ ಇಬ್ಬರನ್ನು ಬಿಟ್ಟು ಬಾಗಿಲು ಹಾಕುತ್ತಾರೆ. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡದೆ ಎದುರಿನ ಗೋಡೆಗೆ ಚೆಂಡು ಬಡಿಯುತ್ತಾರೆ. ಚೆಂಡು ನೆಲ್ಲಿಕಾಯಿಗಿಂತ ಸ್ವಲ್ಪ ದೊಡ್ಡದು, ಕಪ್ಪು. ಅದರ ಗುಣ ವಿಚಿತ್ರ. ತಣ್ಣಗಿದ್ದರೆ ಪುಟಿಯುವುದೇ ಇಲ್ಲ, ಹಸಿ ಹಿಟ್ಟಿನ ಉಂಡೆಯ ಹಾಗೆ ಬಿದ್ದಲ್ಲೇ ಬಿದ್ದಿರುತ್ತದೆ. ಆಟದ ಮೊದಲು ಹೊಡೆದು ಹೊಡೆದು ಬಿಸಿ ಮಾಡಬೇಕು. ಹೊರಗೆ ಅಷ್ಟು ಬಿಸಿ ಇಟ್ಟುಕೊಂಡು, ಒಳಗೆ ಎಸಿ ಹಾಕಿ, ಮತ್ತೆ ಚೆಂಡನ್ನು ಬಿಸಿ ಮಾಡುವ ಈ ಕೆಲಸ ನೋಡಿ ನನಗೆ ನಗು ತಡೆಯಲಾಗಲಿಲ್ಲ.

ಕ್ಲಬ್ಬಿನ ತರಬೇತುದಾರ ಈಜಿಪ್ಟಿನವನು, ಹೆಸರು ತಾರಿಕ್. ಎಲ್ಲರೂ ಅವನನ್ನು ಕರೆಯುವುದು ಕ್ಯಾಪ್ಟನ್. ಅವರ ದೇಶದಲ್ಲಿ ಆಟ ಕಲಿಸುವವರೆಲ್ಲ ಕ್ಯಾಪ್ಟನ್‌ಗಳೇ ಅಂತೆ. ನಾನು ಮೊದಲು ಹಡಗಿನವನೆಂದು ತಿಳಿದು, ಸಮುದ್ರ ಬಿಟ್ಟು ಇಲ್ಲಿಗೆ ಯಾಕೆ ಬಂದಿರಿ ಎಂದು ಕೇಳಿಯೂ ಬಿಟ್ಟೆ. ಅವನು ಎದೆಯ ಮೇಲೆ ಕೈಯಿಟ್ಟು, "ನನಗೆ ಈಜು ಬರುವುದಿಲ್ಲ ಮದಾಮ್," ಎಂದ.

ಗಾಜಿನ ಹಿಂದಿನ ಬೆಂಚಿನಲ್ಲಿ ಅಮೆರಿಕದ ಬೇರೆ ಬೇರೆ ಕಾಲೇಜಿನ ಆ ಇಬ್ಬರು ಕೋಚ್ ಕುಳಿತಿದ್ದರು. ಒಬ್ಬರು ಸ್ಕಾಟ್, ಎತ್ತರದ ಮನುಷ್ಯ, ಹಲ್ಲು ಕಾಣುವ ಹಾಗೆ ನಗು. ಇನ್ನೊಬ್ಬರು ಹೆಲೆನ್, ನನ್ನ ವಯಸ್ಸಿನ ಹೆಂಗಸು, ತುಂಡು ಕೂದಲು, ಕನ್ನಡಕಕ್ಕೆ ದಾರ ಕಟ್ಟಿ ಕುತ್ತಿಗೆಗೆ ಹಾಕಿಕೊಂಡಿದ್ದರು. ಪ್ರಾಪ್ತಿ ಆಡಿ ಬೆವರು ಒರೆಸುತ್ತ ಹೊರಬಂದಳು. ಸ್ಕಾಟ್ ಎದ್ದು ನಿಂತು ಕೈ ಕುಲುಕಿದರು. ಅದ್ಭುತ ಎಂದರು, ಎಂಥ ವೇಗ ಎಂದರು, ಇಂಥ ಹುಡುಗಿಯರೇ ನಮಗೆ ಬೇಕು ಎಂದರು. ವನಿತಾಳ ಮುಖ ಅರಳಿತು.

ಹೆಲೆನ್ ಎದ್ದೇಳಲಿಲ್ಲ. ಕುಳಿತಲ್ಲಿಂದಲೇ ಶುರು ಮಾಡಿದರು. ಹಿಂದಿನ ಮೂಲೆಯಲ್ಲಿ ಬ್ಯಾಕ್‌ಹ್ಯಾಂಡ್ ತಡವಾಗುತ್ತದೆ. ದಣಿದಾಗ ಮೊಣಕೈ ಇಳಿಯುತ್ತದೆ. ಒಳ್ಳೆಯ ಹೊಡೆತ ಹೊಡೆದ ಮೇಲೆ ಓಡಿ ನಡುವಿಗೆ ಬರುವ ಬದಲು ನಿಂತು ಅದನ್ನೇ ನೋಡುತ್ತೀ. ಆ ಚೆಂಡನ್ನು ನೀನು ಮೆಚ್ಚಿಕೊಳ್ಳುತ್ತಿರುವಾಗ ಎದುರಾಳಿ ಅದನ್ನು ವಾಪಸು ಕಳಿಸಿರುತ್ತಾಳೆ.

ವಾಪಸು ಬರುವಾಗ ಕಾರಿನಲ್ಲಿ ಶೋಕ. ವನಿತಾ ಕಿಟಕಿ ನೋಡುತ್ತಿದ್ದಳು. ಜಗದೀಶ, "ಸ್ಕಾಟ್ ಆದ್ರೂ ಇದ್ದಾರಲ್ಲ," ಎಂದ. ಪ್ರಾಪ್ತಿ ಮೊಣಕೈ ಮಡಚಿ ಬಿಡಿಸಿ ನೋಡುತ್ತಿದ್ದಳು. ಅವಳಿಗೆ ಬೇಕಾಗಿದ್ದದ್ದು ಹೆಲೆನರ ಕಾಲೇಜೇ.

ನಾನು ನಕ್ಕೆ. "ನಿಮಗೆ ವ್ಯಾಪಾರ ಗೊತ್ತಿಲ್ಲ. ಅಂಗಡಿಗೆ ಬಂದು ಚಂದ ಉಂಟು, ಚಂದ ಉಂಟು ಅನ್ನುವವರು ಕೊಳ್ಳುದಿಲ್ಲ. ಎಸಿ ಗಾಳಿ ಕುಡಿದು ಹೋಗ್ಲಿಕ್ಕೆ ಬಂದವರು ಅವರು. ಕೊಳ್ಳುವವಳು ಪಾತ್ರೆ ಮಗುಚಿ ಅಡಿ ನೋಡ್ತಾಳೆ. ಬೆರಳಲ್ಲಿ ಬಡಿದು ನೋಡ್ತಾಳೆ. ಹಿಡಿ ಸಡಿಲ, ಅಂಚು ಸೊಟ್ಟ ಅಂತಾಳೆ. ಬೇಡದ ಪಾತ್ರೆಯ ಅಡಿ ಯಾರು ನೋಡ್ತಾರೆ? ಆ ಹೆಂಗಸಿಗೆ ನಮ್ಮ ಹುಡುಗಿ ಬೇಕು."

"ಅಕ್ಕ, ನನ್ನ ಮಗಳು ಪಾತ್ರೆ ಅಲ್ಲ," ಎಂದಳು ವನಿತಾ.

ಆದರೆ ಸಂಜೆ ಪ್ರಾಪ್ತಿಯ ಫೋನಿಗೆ ಎರಡು ಸಂದೇಶ ಬಂದವು. ಸ್ಕಾಟ್ ಅವರದು ಶಿಬಿರಕ್ಕೆ ಬಂದ ಎಲ್ಲ ಮಕ್ಕಳಿಗೂ ಹೋದ ಒಂದೇ ಒಕ್ಕಣೆ, ನಿಮ್ಮೆಲ್ಲರ ಆಟ ಅದ್ಭುತ ಅಂತ. ಹೆಲೆನ್ ಬರೆದದ್ದು ಇವಳೊಬ್ಬಳಿಗೆ. ನಾಡಿದ್ದು ಸಂಜೆ ಹೋಟೆಲಿಗೆ ಬನ್ನಿ, ಮನೆಯವರೂ ಬರಲಿ.

ಮಗುವನ್ನು ಇಂಥ ಆಟಕ್ಕೆ ಹಾಕಿದ ತಂದೆತಾಯಿಗೆ ನನ್ನ ಸಲಹೆ ಇಷ್ಟೆ: ಹೊಗಳಿಕೆಗೆ ಮರುಳಾಗಬೇಡಿ. ಯಾರು ಮುಂದಿನ ಪ್ರಶ್ನೆ ಕೇಳುತ್ತಾರೆ ನೋಡಿ.

ಸೂಕ್

ಹೋಟೆಲಿಗೆ ಹೋಗುವ ಮೊದಲು ನಡುವೆ ಒಂದು ಸಂಜೆ ಖಾಲಿ ಇತ್ತು. ಜಗದೀಶನ ಬಿಲ್ಡಿಂಗಿನ ಕೆಳಗೆ ಉಪ್ಪಿನಂಗಡಿಯ ಹಮೀದ್ ಎಂಬವರ ಅಂಗಡಿ. ಮೊಳೆಯಿಂದ ಮಿಕ್ಸಿಯವರೆಗೆ ಎಲ್ಲ ಸಿಗುತ್ತದೆ. ಅವರ ತಂದೆಯ ಕಾಲದಿಂದ ಇಲ್ಲೇ ಇದ್ದಾರೆ. ಪಾತ್ರೆಯವಳು ಬಂದಿದ್ದಾಳೆಂದು ತಿಳಿದು, "ಸರೋಜಕ್ಕ, ನಿಮಗೆ ಇಲ್ಲಿಯ ಪಾತ್ರೆ ಬಜಾರು ತೋರಿಸದೆ ಕಳಿಸಿದ್ರೆ ಪಾಪ ಬರ್ತದೆ," ಎಂದು ಸೂಕ್ ಎನ್ನುವ ಹಳೆಯ ಪೇಟೆಗೆ ಕರೆದೊಯ್ದರು.

ಮಣ್ಣಿನ ಬಣ್ಣದ ಗೋಡೆ, ಇಕ್ಕಟ್ಟು ಓಣಿ, ಏಲಕ್ಕಿಯ ವಾಸನೆ. ಒಂದು ಓಣಿಯಲ್ಲಿ ಬರೀ ಹಕ್ಕಿ, ಇನ್ನೊಂದರಲ್ಲಿ ಬರೀ ಅತ್ತರು. ಒಂದು ಅಂಗಡಿಯಲ್ಲಿ ಅರಬರು ಕಾಫಿ ಬಗ್ಗಿಸುವ ಹಿತ್ತಾಳೆಯ ಹೂಜಿ ಕಂಡಿತು. ದಲ್ಲಾ ಎನ್ನುತ್ತಾರೆ. ಕೊಕ್ಕರೆಯ ಕೊಕ್ಕಿನಂಥ ಬಾಯಿ, ಮುಚ್ಚಳದ ಮೇಲೆ ಸಣ್ಣ ಗೋಪುರ. ಬೆಸುಗೆ ನೋಡಿದೆ, ಕೈ ಕೆಲಸ. ಮನಸ್ಸು ಅಲ್ಲೇ ಕೂತುಬಿಟ್ಟಿತು. ಆದರೆ ಮುಖದಲ್ಲಿ ತೋರಿಸುವುದುಂಟೇ? ಅಂಗಡಿಯವನು ಬಿಳಿ ನಿಲುವಂಗಿ ತೊಟ್ಟು ಗಂಭೀರವಾಗಿ ಕುಳಿತಿದ್ದ. ಬೆಲೆಯನ್ನು ಕ್ಯಾಲ್ಕುಲೇಟರಿನಲ್ಲಿ ಒತ್ತಿ ತೋರಿಸಿದ. ನಾನು ಕೈಸನ್ನೆಯಲ್ಲಿ ಹೂಜಿಯ ಅಡಿ ತೆಳು ಎಂದೆ, ಬಾಯಿ ಸೊಟ್ಟ ಎಂದೆ. ನನಗೆ ಗೊತ್ತಿದ್ದ ಎರಡು ಅರಬ್ಬಿ ಶಬ್ದ ಸೇರಿಸಿ, "ಮಾಫಿ, ಮಾಫಿ. ಖಲಾಸ್," ಎಂದೆ, ಇಲ್ಲ, ಇಲ್ಲ, ಮುಗಿಯಿತು ಅಂತ.

ಆಮೇಲೆ ಹಮೀದರ ಕಡೆ ತಿರುಗಿ ತುಳುವಿನಲ್ಲಿ, "ಇದನ್ನು ಬಿಟ್ಟು ನಾನು ಊರಿಗೆ ಹೋಗುವವಳಲ್ಲ. ನೀವು ಮಾತ್ರ ಮುಖ ಗಂಟು ಹಾಕಿ ನಿಂತುಕೊಳ್ಳಿ. ಈಗ ನಡೆದು ಹೋಗುವ, ಅವನೇ ಕರೀತಾನೆ," ಎಂದೆ.

ನಡೆದೆವು. ಓಣಿಯ ತುದಿಯವರೆಗೆ ನಡೆದೆವು. ಯಾರೂ ಕರೆಯಲಿಲ್ಲ. ಹಕ್ಕಿಗಳ ಓಣಿ ಸುತ್ತಿ, ಅತ್ತರಿನ ಓಣಿ ಸುತ್ತಿ, ಬೆವರಿನಲ್ಲಿ ಮಿಂದು ಮತ್ತೆ ಅಲ್ಲಿಗೇ ಬಂದೆವು. ಅಂಗಡಿಯವನು ಹೂಜಿಯನ್ನು ಆಗಲೇ ಕಾಗದದಲ್ಲಿ ಸುತ್ತಿ ಇಟ್ಟಿದ್ದ. ನನ್ನನ್ನು ನೋಡಿ ಅಚ್ಚ ತುಳುವಿನಲ್ಲಿ, "ಬನ್ನಿ ಅಕ್ಕ, ಕೂತುಕೊಳ್ಳಿ. ಬಿಟ್ಟು ಹೋಗುವವಳಲ್ಲ ಅಂತ ನೀವೇ ಹೇಳಿದ್ರಲ್ಲ, ಅದಕ್ಕೆ ಕಟ್ಟಿಟ್ಟೆ," ಎಂದ.

ಕಾಸರಗೋಡಿನವನಂತೆ. ಹಮೀದ್ ನಕ್ಕು ನಕ್ಕು ಮೂಟೆಯ ಮೇಲೆ ಕೂತುಬಿಟ್ಟರು. ಅಂಗಡಿಯವನು ಚಹಾ ಕುಡಿಸಿದ, ಬೆಲೆ ಮಾತ್ರ ಇಳಿಸಲಿಲ್ಲ. ಗಲ್ಫಿಗೆ ಹೋಗುವವರೇ, ನಮ್ಮ ಭಾಷೆ ಇಲ್ಲಿ ಯಾರಿಗೂ ಗೊತ್ತಿಲ್ಲ ಎಂದು ನಂಬಬೇಡಿ. ಗೋಡೆಗೂ ತುಳು ಬರುತ್ತದೆ.

ಆ ರಾತ್ರಿ ಊಟದ ಹೊತ್ತಿಗೆ ನಾನು ಅದರಿಂದ ಒಂದು ಪಾಠ ಕಲಿತಿದ್ದೆ. ಬೇಕು ಎಂಬುದನ್ನು ಎದುರಿನವರಿಗೆ ತೋರಿಸಿದರೆ ಸೋತ ಹಾಗೆ. ಪ್ರಾಪ್ತಿಯನ್ನು ಪಕ್ಕದಲ್ಲಿ ಕೂರಿಸಿಕೊಂಡೆ.

"ನೋಡು ಮಗಾ. ನಿಮ್ಮ ಕಾಲೇಜೊಂದೇ ನಂಗೆ ಬೇಕು ಅಂತ ಹೆಲೆನ್ ಹತ್ರ ಹೇಳ್ಬೇಡ. ಬೇರೆಯವರೂ ಕೇಳಿಕೊಂಡು ಬಂದಿದ್ದಾರೆ, ನೋಡ್ತಾ ಇದ್ದೇವೆ, ಅಂತ ಹೇಳು. ಆಗ ಅವರು ನಿನ್ನ ಹಿಂದೆ ಬರ್ತಾರೆ."

"ಆದ್ರೆ ಮಾಮಿ, ಬೇರೆ ಯಾರೂ ಬಂದಿಲ್ಲ."

"ಅದು ಅವರಿಗೆ ಗೊತ್ತುಂಟಾ?"

ವೆಸ್ಟ್ ಬೇ

ಎತ್ತರದ ಕಟ್ಟಡಗಳ ವೆಸ್ಟ್ ಬೇಯಲ್ಲಿ ಹೆಲೆನ್ ಇಳಿದುಕೊಂಡಿದ್ದ ಹೋಟೆಲಿನ ಲಾಬಿಯಲ್ಲಿ ಮೀನು ಈಜುವ ಗೋಡೆ ಇತ್ತು. ನಾವು ನಾಲ್ವರೂ ಮದುವೆಗೆ ಹೊರಟವರ ಹಾಗೆ ಹೋಗಿದ್ದೆವು. ಜಗದೀಶ ಒಂದು ದೊಡ್ಡ ಚೀಲ ಹಿಡಿದಿದ್ದ. ಅದರಲ್ಲಿ ಒಂದನೇ ಕ್ಲಾಸಿನ ಲಿಂಬೆ ಚಮಚ ಓಟದಿಂದ ಹಿಡಿದು ಪ್ರಾಪ್ತಿ ಗೆದ್ದ ಸರ್ಟಿಫಿಕೇಟುಗಳೆಲ್ಲ, ಒಂದೊಂದಕ್ಕೂ ಲ್ಯಾಮಿನೇಷನ್. ನಮ್ಮಲ್ಲಿ ಸ್ಪೋರ್ಟ್ಸ್ ಕೋಟಾ ಅಂದರೆ ಹಾಗೆಯೇ ಅಲ್ಲವೇ, ರಾಜ್ಯಮಟ್ಟದ ಸರ್ಟಿಫಿಕೇಟಿದ್ದರೆ ಆಫೀಸಿನಲ್ಲಿ ಮಾತು. ಮೆಡಲುಗಳು ಚೀಲದ ತಳದಲ್ಲಿ ಗಣಗಣ ಎನ್ನುತ್ತಿದ್ದವು.

ಹೆಲೆನ್ ಒಂದೆರಡನ್ನು ಮರ್ಯಾದೆಗೆ ನೋಡಿದರು. "ಚೆನ್ನಾಗಿವೆ. ಮಾರ್ಕ್ಸ್ ಕಾರ್ಡ್ ತಂದಿದ್ದೀರಾ?"

ಜಗದೀಶ ನನ್ನನ್ನು ನೋಡಿದ. ನಾನು ವನಿತಾಳನ್ನು ನೋಡಿದೆ. "ಅದು ಮನೇಲಿ ಉಂಟು," ಎಂದು ವನಿತಾ ನನಗೆ ಪಿಸುಗುಟ್ಟಿದಳು. ಪುಣ್ಯಕ್ಕೆ ಪ್ರಾಪ್ತಿಯ ಫೋನಿನಲ್ಲಿ ಫೋಟೋ ಇತ್ತು.

ಹೆಲೆನ್ ಕನ್ನಡಕ ಏರಿಸಿಕೊಂಡು ಒಂಬತ್ತು, ಹತ್ತು, ಹನ್ನೊಂದು, ಮೂರೂ ವರ್ಷದ್ದನ್ನು ನಿಧಾನವಾಗಿ ನೋಡಿದರು. ಹನ್ನೊಂದರ ಗಣಿತ ಯಾಕೆ ಇಳಿದಿದೆ ಎಂದು ಕೇಳಿದರು. ಯಾವ ಪುಸ್ತಕ ಓದುತ್ತೀ ಎಂದು ಕೇಳಿದರು. ನಮ್ಮ ಕಾಲೇಜಿನಲ್ಲಿ ಆಟಕ್ಕೆಂದು ಸ್ಕಾಲರ್‌ಶಿಪ್ ಕೊಡುವುದಿಲ್ಲ, ಮನೆಯ ವರಮಾನ ನೋಡಿ ಸಹಾಯ ಮಾಡುತ್ತಾರೆ ಎಂದು ಜಗದೀಶನಿಗೆ ಬಿಡಿಸಿ ಹೇಳಿದರು. ಮಾರ್ಕು ಅಡ್ಮಿಷನ್ ಆಫೀಸಿನ ಅಳತೆಗೆ ಬಾರದಿದ್ದರೆ ನಾನು ಎಷ್ಟು ಹೇಳಿದರೂ ನಡೆಯುವುದಿಲ್ಲ ಎಂದೂ ಹೇಳಿದರು. ನನಗೆ ಒಳಗೊಳಗೆ ಖುಷಿ. ಪಾತ್ರೆಯ ಅಡಿ ನೋಡುತ್ತಿದ್ದಾರೆ.

ಕೊನೆಗೆ ಪ್ರಾಪ್ತಿಯನ್ನೇ ನೋಡಿ ಕೇಳಿದರು. "ನಿನ್ನ ಮನಸ್ಸಿನಲ್ಲಿ ನಮ್ಮ ಕಾಲೇಜು ಎಷ್ಟನೆಯದು?"

ಪ್ರಾಪ್ತಿ ಒಂದು ಗುಟುಕು ನೀರು ಕುಡಿದು, ನಾನು ಹೇಳಿಕೊಟ್ಟದ್ದನ್ನು ಒಪ್ಪಿಸಿದಳು. ಬೇರೆಯವರೂ ಕೇಳುತ್ತಿದ್ದಾರೆ, ನಾವು ಇನ್ನೂ ನೋಡುತ್ತಿದ್ದೇವೆ.

"ಅದು ಜಾಣತನ," ಎಂದರು ಹೆಲೆನ್. ಎದ್ದು ಎಲ್ಲರ ಕೈ ಕುಲುಕಿದರು. "ಸಂಪರ್ಕದಲ್ಲಿರು."

ಕಾರು ನಿಲ್ಲಿಸಿದ ಕೆಳಮಹಡಿಗೆ ಇಳಿಯುವ ಲಿಫ್ಟಿನಲ್ಲಿ ನಾನು ಜಗದೀಶನ ಬೆನ್ನು ತಟ್ಟಿದೆ. "ನೋಡ್ತಾ ಇರು, ನಾಳೆ ಅವರೇ ಫೋನ್ ಮಾಡ್ತಾರೆ."

ಮರುದಿನ ಫೋನ್ ಬರಲಿಲ್ಲ. ಅದರ ಮರುದಿನವೂ ಬರಲಿಲ್ಲ. ಪ್ರಾಪ್ತಿ ಫೋನನ್ನು ಬಾತ್‌ರೂಮಿಗೂ ಒಯ್ಯುತ್ತಿದ್ದಳು. ನಾನು, "ತಡ ಆದಷ್ಟು ಒಳ್ಳೇದು," ಎನ್ನುತ್ತಿದ್ದೆ. ಆದರೆ ನನ್ನ ದನಿ ನನಗೇ ಅಷ್ಟು ಗಟ್ಟಿಯಾಗಿ ಕೇಳಿಸುತ್ತಿರಲಿಲ್ಲ.

ಶಿಬಿರದ ಕೊನೆಯ ದಿನ ಅವಳನ್ನು ಕರೆತರಲು ಹೋದಾಗ ಕ್ಯಾಪ್ಟನ್ ನನ್ನನ್ನು ಪಕ್ಕಕ್ಕೆ ಕರೆದ. "ಮದಾಮ್, ಇವಳು ಹೆಲೆನ್ ಹತ್ತಿರ ಏನು ಹೇಳಿದಳು? ಅವರು ಇನ್ನೊಂದು ಹುಡುಗಿಯ ಜೊತೆ ಮಾತಾಡುತ್ತಿದ್ದಾರೆ. ನಾಳೆ ರಾತ್ರಿ ಅವರ ವಿಮಾನ."

ನಾನು ಹೇಳಿಕೊಟ್ಟದ್ದನ್ನು ಹೇಳಿದೆ. ಅವನು ಎರಡೂ ಕೈಯಿಂದ ತಲೆ ಹಿಡಿದುಕೊಂಡ.

"ಅವರ ಹತ್ತಿರ ಈ ವರ್ಷ ಉಳಿದಿರುವುದು ಒಂದೇ ಹೆಸರು ಹೇಳುವ ಅವಕಾಶ. ಹೆಸರು ಹೇಳಿದ ಮೇಲೆ ಆ ಹುಡುಗಿ ಬೇರೆ ಕಾಲೇಜಿಗೆ ಹೋದರೆ ಆ ಹೆಸರು ಹಾಳು, ಟೀಮಿನಲ್ಲಿ ಜಾಗ ಖಾಲಿ. ಅದಕ್ಕೇ ಅವರು ಕೇಳುವುದು ಒಂದೇ. ನೀನು ಖಂಡಿತ ಬರುತ್ತೀಯಾ? ಬರುತ್ತೇನೆ ಅನ್ನುವವಳು ಆ ಒಂದೇ ಕಾಲೇಜಿಗೆ ಮೊದಲೇ ಅರ್ಜಿ ಹಾಕಬೇಕು. ಸಿಕ್ಕಿದರೆ ಹೋಗಲೇಬೇಕು. ನೀವು ನೋಡುತ್ತಿದ್ದೇವೆ ಅಂದರೆ, ಖಲಾಸ್, ಬೇಡ ಅಂದ ಹಾಗೆ."

ಎಂಥ ವ್ಯಾಪಾರ ಇದು? ಬೆಲೆ ಕೇಳುವ ಮೊದಲೇ, ನಿನ್ನ ಅಂಗಡಿ ಬಿಟ್ಟು ಬೇರೆ ಕಡೆ ಹೋಗುವುದಿಲ್ಲ ಎಂದು ಗಿರಾಕಿ ಆಣೆ ಹಾಕಬೇಕಂತೆ. ಹಾಕಿದರೇ ಬಾಗಿಲು ತೆರೆಯುವುದಂತೆ. ನನ್ನ ಜೀವಮಾನದ ವಿದ್ಯೆ ಅಲ್ಲಿ ತಲೆಕೆಳಗಾಗಿ ನಿಂತಿತ್ತು. ಹುಡುಗಿಯ ಸೀಟು ನನ್ನ ಜಾಣತನದಿಂದಲೇ ಹೋಗುವುದರಲ್ಲಿತ್ತು.

ಕಾರಿನಲ್ಲಿ ಪ್ರಾಪ್ತಿಗೆ ಎಲ್ಲ ಹೇಳಿದೆ. ಬೈಯುತ್ತಾಳೆ ಅಂದುಕೊಂಡೆ. ಅವಳು, "ನಾನೇ ಹೇಳಿದ್ದಲ್ವಾ ಮಾಮಿ. ಬಾಯಿ ನಂದೇ," ಎಂದಳು. ಅಲ್ಲೇ ಹೆಲೆನ್‌ಗೆ ಸಂದೇಶ ಕಳಿಸಿದಳು, ಒಮ್ಮೆ ಸಿಗಬಹುದೇ ಎಂದು. ಉತ್ತರ ತಕ್ಷಣ ಬಂತು. ಸೂರ್ಯ ಏರುವ ಮೊದಲು ಕಾರ್ನಿಶಿನಲ್ಲಿ ನಡೆಯುತ್ತೇನೆ, ಬಾ.

ಕಾರ್ನಿಶ್

ಕಾರ್ನಿಶ್ ಅಂದರೆ ಸಮುದ್ರದ ಅಂಚಿಗೆ ಬಾಗಿದ ರಸ್ತೆ. ಆಚೆ ದಡದಲ್ಲಿ ವೆಸ್ಟ್ ಬೇಯ ಗೋಪುರಗಳು, ಈಚೆ ನೀರಿನಲ್ಲಿ ಹಳೆಯ ಮರದ ದೋಣಿಗಳು. ನಮ್ಮ ಪಣಂಬೂರಿನ ಹಾಗೆ ಅಲೆ ಬಡಿಯುವುದಿಲ್ಲ, ತಟ್ಟೆಯಲ್ಲಿ ಹಾಕಿಟ್ಟ ಹಾಗೆ ನೀರು. ಬೆಳಗಾಗುವುದರೊಳಗೇ ಗಾಳಿ ಬೆಚ್ಚಗಿತ್ತು. ಜಗದೀಶ ಶಿಫ್ಟಿಗೆ ಹೋಗಿದ್ದ, ವನಿತಾ ಕಾರಿನಲ್ಲೇ ಕುಳಿತಳು. "ನಂಗೆ ನೋಡ್ಲಿಕ್ಕೆ ಆಗುದಿಲ್ಲ ಅಕ್ಕ."

"ನಾನೇ ಮಾತಾಡಿ ಸರಿ ಮಾಡ್ತೇನೆ," ಎಂದೆ ಪ್ರಾಪ್ತಿಗೆ.

"ಬೇಡ ಮಾಮಿ. ನೀವು ಸುಮ್ಮನೆ ನನ್ನ ಜೊತೆ ನಡೀರಿ. ಪ್ಲೀಸ್."

ಹೆಲೆನ್ ಟೋಪಿ ಹಾಕಿಕೊಂಡು ಬಿರಬಿರನೆ ಬರುತ್ತಿದ್ದರು. ನಿಲ್ಲಲಿಲ್ಲ, ನಡೆಯುತ್ತಲೇ ಮಾತಾಡು ಎಂದರು. ನಾನು ಹಿಂದೆ ಹಿಂದೆ, ಸೀರೆ ಎತ್ತಿ ಹಿಡಿದುಕೊಂಡು.

"ಆ ದಿನ ನಾನು ಹೇಳಿದ್ದು ನಿಜ ಅಲ್ಲ," ಎಂದಳು ಪ್ರಾಪ್ತಿ. "ಬೇರೆ ಯಾರೂ ನನ್ನನ್ನು ಕೇಳಿಲ್ಲ. ನಿಮ್ಮ ಕಾಲೇಜೇ ಮೊದಲನೆಯದು. ನೀವು ನನ್ನ ಹೆಸರು ಹೇಳುವುದಾದರೆ ನಾನು ಬೇರೆ ಎಲ್ಲಿಗೂ ಅರ್ಜಿ ಹಾಕುವುದಿಲ್ಲ."

"ಹಾಗಿದ್ದರೆ ಆ ದಿನ ಯಾಕೆ ಹಾಗೆ ಹೇಳಿದೆ?"

"ನಮ್ಮ ಮಾಮಿ ಪಾತ್ರೆ ಅಂಗಡಿ ಇಟ್ಟಿದ್ದಾರೆ," ಎಂದಳು.

ಹೆಲೆನ್ ನಡೆಯುವುದನ್ನು ನಿಲ್ಲಿಸಿ ನನ್ನ ಕಡೆ ತಿರುಗಿದರು. ನಾನು ದೋಣಿಗಳನ್ನು ಬಹಳ ಆಸಕ್ತಿಯಿಂದ ನೋಡುತ್ತಿದ್ದೆ. ಅವರು ನಗತೊಡಗಿದರು, ಕನ್ನಡಕದ ದಾರ ಕುಣಿಯುವ ಹಾಗೆ. ಅವರ ತಂದೆಗೆ ಹಳೆಯ ಕಾರು ಮಾರುವ ವ್ಯಾಪಾರವಿತ್ತಂತೆ.

"ಇನ್ನೊಬ್ಬ ಹುಡುಗಿಗೆ ನಾನು ಇನ್ನೂ ಮಾತು ಕೊಟ್ಟಿಲ್ಲ," ಎಂದರು. "ಅವಳು ಯೋಚಿಸಿ ಹೇಳುತ್ತೇನೆ ಎಂದಿದ್ದಾಳೆ. ನೀನು ಹೇಳಿದೆ. ನಿನ್ನ ಮಾರ್ಕ್ಸ್ ಕಳಿಸು, ಆಫೀಸಿನವರು ಮುಂಚಿತವಾಗಿ ನೋಡುತ್ತಾರೆ. ಅವರು ತಲೆಯಾಡಿಸಿದರೆ ನನ್ನ ಆ ಹೆಸರು ನಿನ್ನದು."

ನನಗೆ ತಡೆಯಲಾಗಲಿಲ್ಲ. ಅಂಗಡಿಯ ಇಂಗ್ಲಿಷಿನಲ್ಲಿ, ಇದನ್ನು ಬರೆದು ಕೊಡುತ್ತೀರಾ ಎಂದು ಕೇಳಿದೆ.

"ಇಲ್ಲ," ಎಂದರು. "ಸೀಟು ನನ್ನ ಕೈಯಲ್ಲಿಲ್ಲ. ನನ್ನ ಹತ್ತಿರ ಇರುವುದು ಮಾತು. ಅವಳ ಹತ್ತಿರ ಇರುವುದೂ ಅದೇ."

ಇಲ್ಲಿಗೆ ಮುಗಿಯಿತು, ಇನ್ನು ಬಾಯಿ ಮುಚ್ಚಿಕೊಂಡು ಮನೆಗೆ ಹೋಗಬೇಕು, ಕುದುರಿದ ವ್ಯಾಪಾರದ ಮುಂದೆ ನಿಂತು ಮಾತು ಬೆಳೆಸಬಾರದು. ನಾನು ಪ್ರಾಪ್ತಿಯ ಅಂಗಿ ಎಳೆದೆ. ಅವಳು ಕದಲಲಿಲ್ಲ.

"ನಾನೂ ಒಂದು ಕೇಳಬಹುದೇ? ಒಂದು ವರ್ಷ ಆಡಿದ ಮೇಲೆ ನನ್ನ ಮಂಡಿ ಹೋದರೆ? ಅಥವಾ ಓದಿಗೆ ಹೊತ್ತು ಸಾಲದೆ ಆಟ ಬಿಟ್ಟರೆ? ಆಗ ನಾನು ಕಾಲೇಜು ಬಿಡಬೇಕಾ?"

ಮದುವೆ ಮಾತುಕತೆಯ ದಿನವೇ, ಬಿಟ್ಟು ಬರಬೇಕಾದರೆ ಹೇಗೆ ಎಂದು ಕೇಳಿದ ಹಾಗಾಯಿತು. ಆದರೆ ಹೆಲೆನ್ ಈ ಸಲ ನಗಲಿಲ್ಲ. ಕನ್ನಡಕ ಏರಿಸಿಕೊಂಡು ಅವಳ ಕಡೆ ತಿರುಗಿದರು.

"ಇಲ್ಲ. ಒಮ್ಮೆ ಒಳಗೆ ಬಂದ ಮೇಲೆ ಕಾಲೇಜು ನಿನ್ನದು. ಅದನ್ನು ನಾನೂ ಕಿತ್ತುಕೊಳ್ಳಲಾರೆ. ನನಗೆ ಬೇಸರವಾಗುತ್ತದೆ, ಬೇರೆಯವಳನ್ನು ಹುಡುಕುತ್ತೇನೆ, ಅಷ್ಟೆ. ಮೊದಲ ವಾರದಲ್ಲೇ ಬಿಡಬೇಡ, ದಯವಿಟ್ಟು."

ಪ್ರಾಪ್ತಿ ಕೈ ಚಾಚಿದಳು. ಅವರು ಹಿಡಿದುಕೊಂಡರು. ಆ ಪ್ರಶ್ನೆ ನನಗೆ ಹೊಳೆದೇ ಇರಲಿಲ್ಲ. ಮಗುವನ್ನು ಆಟದ ದಾರಿಯಿಂದ ಕಾಲೇಜಿಗೆ ಕಳಿಸುವವರು ದಯವಿಟ್ಟು ಬರೆದಿಟ್ಟುಕೊಳ್ಳಿ: ಆಟ ನಿಂತ ಮೇಲೂ ಮಗು ಅಲ್ಲಿ ಓದಿಕೊಂಡು ಸಂತೋಷವಾಗಿರುತ್ತದೆಯೇ ಎಂದು ಮೊದಲು ಕೇಳಿ. ಇಲ್ಲ ಎಂದಾದರೆ ಆ ಕಾಲೇಜು ಬೇಡ.

ವಿಮಾನ ನಿಲ್ದಾಣ

ಅಡ್ಮಿಷನ್ ಆಫೀಸಿನವರು ತಲೆಯಾಡಿಸಲು ಸಾಕಷ್ಟು ದಿನ ತೆಗೆದುಕೊಂಡರು. ಅಷ್ಟರಲ್ಲಿ ನಾನು ಈ ಊರಿನ ಹೆಂಗಸರ ಹಾಗೆ ಮಾಲಿನೊಳಗೆ ವಾಕಿಂಗ್ ಮಾಡಲು ಕಲಿತೆ. ಪಕ್ಕದ ಫ್ಲಾಟಿನ ಮಲಯಾಳಿ ಹೆಂಗಸಿಗೆ ಕುಕ್ಕರಿನ ಗ್ಯಾಸ್ಕೆಟ್ ಉಳಿಸಿಕೊಳ್ಳುವುದು ಹೇಗೆಂದು ಹೇಳಿಕೊಟ್ಟೆ. ಕೊನೆಗೊಂದು ಮಧ್ಯಾಹ್ನ ಹೆಲೆನರ ಸಂದೇಶ ಬಂತು. ಮಾರ್ಕು ಸಾಲುತ್ತದೆ, ಹನ್ನೆರಡರ ಗಣಿತ ಏರಬೇಕು, ಮೊದಲೇ ಅರ್ಜಿ ಹಾಕು, ನಿನ್ನ ಹೆಸರು ಹೇಳುತ್ತೇನೆ. ಅಂತಿಮ ಉತ್ತರ ಡಿಸೆಂಬರಿನಲ್ಲಿ. ವನಿತಾ ಅತ್ತಳು, ಜಗದೀಶ ಪ್ಲಾಂಟಿನಿಂದ ಫೋನ್ ಮಾಡಿ ಆ ಸಂದೇಶವನ್ನು ಎರಡು ಸಲ ಓದಿಸಿಕೊಂಡ. ಪ್ರಾಪ್ತಿ ಅಂದೇ ಗಣಿತದ ಪುಸ್ತಕ ತೆಗೆದಳು.

ನಾನು ಹೊರಡುವ ದಿನ ಮೂವರೂ ಬಂದಿದ್ದರು. ಟ್ರಾಲಿಗೆ ಪೆಟ್ಟಿಗೆ ಏರಿಸುತ್ತಿದ್ದಾಗ ಪ್ರಾಪ್ತಿಯ ಫೋನ್ ಸದ್ದು ಮಾಡಿತು. ಓದಿ ನಿಂತಲ್ಲೇ ನಿಂತಳು.

"ಎಂತ ಆಯ್ತು?" ಎಂದ ಜಗದೀಶ.

"ಇನ್ನೊಂದು ಕಾಲೇಜು. ನನ್ನ ಆಟದ ವಿಡಿಯೋ ನೋಡಿದ್ರಂತೆ. ಮಾತಾಡ್ಬೇಕಂತೆ." ಕಾಲೇಜಿನ ಹೆಸರು ಹೇಳಿದಳು. ಪುತ್ತೂರಿನಲ್ಲಿ ಪಾತ್ರೆ ಮಾರುವ ನನಗೂ ಗೊತ್ತಿರುವ ಹೆಸರು.

ವನಿತಾ ನನ್ನನ್ನು ನೋಡಿದಳು, ಜಗದೀಶ ನನ್ನನ್ನು ನೋಡಿದ. ಸುಳ್ಳು ಯಾಕೆ ಹೇಳಲಿ, ನನ್ನ ಕೈ ತುರಿಸಿತು. ಅಂಗಡಿಕಟ್ಟೆಯ ಮುಂದೆ ಒಂದೇ ಮಾಲಿಗೆ ಇಬ್ಬರು ಗಿರಾಕಿ ನಿಂತರೆ ಏನು ಮಾಡಬೇಕೆಂದು ನಿದ್ದೆಯಲ್ಲೂ ಗೊತ್ತು ನನಗೆ.

"ಒಂದು ಮಾತು ಕೇಳಿ ನೋಡುದರಲ್ಲಿ ಏನುಂಟು," ಎಂದೆ. "ಹೆಲೆನ್‌ಗೂ ಗೊತ್ತಾಗ್ಲಿ, ಹೀಗೆ ಬೇರೆಯವರೂ..."

"ಮಾಮಿ," ಎಂದಳು ಪ್ರಾಪ್ತಿ, ಫೋನಿನಿಂದ ಕಣ್ಣೆತ್ತದೆ. "ಹೇಳಿ ಆಯ್ತಲ್ಲ."

ಅವಳ ಹೆಬ್ಬೆರಳು ಆಗಲೇ ಒತ್ತುತ್ತಿತ್ತು. ಧನ್ಯವಾದ, ನಾನು ಬೇರೆ ಕಡೆ ಮಾತು ಕೊಟ್ಟಿದ್ದೇನೆ. ಇಷ್ಟೇ ಬರೆದು ಕಳಿಸಿದಳು. ಕಳಿಸಿದ ಮೇಲೆ ಅವಳು ಆ ಕಾಲೇಜಿನ ಸಂದೇಶವನ್ನು ಇನ್ನೊಮ್ಮೆ ಓದಿ ಫೋನನ್ನು ಜೇಬಿಗೆ ಹಾಕಿದ್ದು ನನಗೆ ಕಂಡಿತು. ಅವಳ ಅಪ್ಪ ಅಮ್ಮನಿಗೆ ಕಾಣದ ಹಾಗೆ ಅವಳ ಕೈಯನ್ನು ನನ್ನ ಕೈಯೊಳಗೆ ತೆಗೆದುಕೊಂಡು, ಇನ್ನೊಂದು ಕೈಯಲ್ಲಿ ಟ್ರಾಲಿ ತಳ್ಳುತ್ತ ಬಾಗಿಲಿನವರೆಗೂ ನಡೆದೆ.